ಗೌರಿಯ ಗಂಜಲದ ಶುದ್ಧಿ

ಬೆಳಗು ಮೂಡಿಸುವ ಸೂರ್ಯನಾರಾಯಣನಿಗೆ, ಬತ್ತಿದ ದೇಹದಲ್ಲಿ ಮತ್ತೆ ನೀರಾಡಿಸಿದ ಗಂಗಾಮಾತೆಗೆ, ಕೊಟ್ಟಿಗೆಯಲ್ಲಿ ಇಂದಿಗೂ ಮೆಲುಕು ಹಾಕುತ್ತಿರುವ ನಮ್ಮ ಗೌರಿಗೆ ಮೊದಲ ನಮಸ್ಕಾರ. ನನ್ನ ಹೆಂಡತಿ ಜಾನಕಿ ಬದುಕಿದ್ದಾಳೆ. ಉಳಿದದ್ದನ್ನು ಇನ್ನು ಹೇಳಬಹುದು.

ಯಲಹಂಕದ ನಮ್ಮ ಮನೆಯಲ್ಲಿ ಹಸು ಕರೆಯುವವಳು ಜಾನಕಿ. ಈ ಮಳೆಗಾಲದಲ್ಲಿ ಗೌರಿ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಅದರ ಗಂಜಲ ಕೆಂಪಾಯಿತು. ಮನೆಗೆ ಮೈಲಿಗೆ ತಗುಲಿತೆಂದು ಶುದ್ಧಿ ಹೇಳಲು ಬಂದವನು ಜಾನಕಿಯ ತಮ್ಮ ಶೇಷಗಿರಿ. ಯಶವಂತಪುರದ ಮರದ ಡಿಪೋದಲ್ಲಿ ಗುಮಾಸ್ತ. ನಾಲ್ಕು ಮಂತ್ರ ತಪ್ಪಾಗಿ ಕಲಿತು ಊರಿಗೆಲ್ಲ ಶಾಸ್ತ್ರ ಹೇಳುವವನು.

“ಇದೇ ಹಸುವಿನ ಗಂಜಲ ಚಿಮುಕಿಸ್ಬೇಕು ಅಕ್ಕ. ದೋಷ ಎಲ್ಲಿಂದ ಬಂತೋ ಅಲ್ಲಿಂದ್ಲೇ ಶುದ್ಧಿ.”

“ರೋಗದ ಹಸುವಿನದು ಪಂಚಗವ್ಯಕ್ಕೂ ಸಲ್ಲದು ಕಣೋ,” ಎಂದೆ. ಧರ್ಮಶಾಸ್ತ್ರದ ಪಾಠ ಹೇಳಿಯೇ ಮುದುಕನಾದವನು ನಾನು.

“ಸುಮ್ನಿರಿ ಭಾವ. ಗೋಮಾತೆಗೆ ರೋಗ ಅಂದ್ರೆ ನಾಲಿಗೆ ಬಿದ್ದುಹೋಗತ್ತೆ.”

ಜಾನಕಿ ತಮ್ಮನ ಮಾತಿಗೆ ತಲೆಬಾಗಿದಳು. ಬಿರುಕುಬಿಟ್ಟ ಕೈಯಿಂದಲೇ ಮನೆಯೆಲ್ಲ ಚಿಮುಕಿಸಿದಳು. ಬರಿಗಾಲಲ್ಲಿ ನಿಂತು ಕೊಟ್ಟಿಗೆ ತೊಳೆದಳು. ಶೇಷಗಿರಿ ಜಗಲಿಯಿಂದ ಇಳಿಯಲಿಲ್ಲ. ಗೋಮಾತೆಯ ವಾಸನೆ ತಾಳಲಾರದೆ ಮೂಗಿಗೆ ಕರ್ಚೀಫು ಹಿಡಿದು ಅಪ್ಪಣೆ ಕೊಡುತ್ತಿದ್ದ.

ವಾರ ಕಳೆಯಿತು. ಜಾನಕಿಗೆ ಜ್ವರ ಬಂತು.

ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳು. ಕಣ್ಣು ಮೊದಲು ಕೆಂಪಾಯಿತು, ಆಮೇಲೆ ಹಳದಿ. ಶೇಷಗಿರಿ ಓಡಿ ಬಂದ. “ಕಾಮಾಲೆ ಕಣ್ರೀ ಭಾವ. ಇಂಗ್ಲಿಷ್ ಔಷಧಿ ಕೊಟ್ರೆ ಕೈ ಬಿಟ್ಟ ಹಾಗೇನೆ.” ಸೋಲದೇವನಹಳ್ಳಿಯಿಂದ ಅದೇನೋ ಸೊಪ್ಪಿನ ರಸ ತಂದು ಅಕ್ಕನಿಗೆ ಕುಡಿಸಿದ.

ಮರುದಿನ ಅವಳಿಗೆ ಮೂತ್ರ ನಿಂತಿತು.

ನಾನು ಯಾರನ್ನೂ ಕೇಳದೆ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ವಾರ್ಡಿನ ಡಾಕ್ಟರಮ್ಮ ಕಣ್ಣು ನೋಡಿ, ಕಾಲು ಒತ್ತಿ, “ಮನೇಲಿ ಹಸು ಇದೆಯಾ? ಅದಕ್ಕೇನಾದ್ರೂ ಕಾಯಿಲೆ ಆಗಿತ್ತಾ?” ಎಂದರು. ನಡೆದುದನ್ನು ಹೇಳಿದೆ.

“ಲೆಪ್ಟೋಸ್ಪೈರೋಸಿಸ್ ಇರ್ಬೇಕು. ಕಾಯಿಲೆ ಹಸುವಿನ ಮೂತ್ರದಿಂದ ರೋಗಾಣು ಗಾಯದ ಮೂಲಕ ಒಳಗೆ ಹೋಗತ್ತೆ. ಕಿಡ್ನಿಗೆ ಪೆಟ್ಟಾಗಿದೆ ಪಂಡಿತರೇ. ರಿಪೋರ್ಟ್‌ಗೆ ಕಾಯಲ್ಲ, ಪೆನಿಸಿಲಿನ್ ಶುರು ಮಾಡ್ತೀವಿ.”

ಹೊರಗೆ ವೆರಾಂಡದಲ್ಲಿ ಶೇಷಗಿರಿ ಯಾರಿಗೋ ಹೇಳುತ್ತಿದ್ದ: “ನಾನ್ ಹೇಳ್ಲಿಲ್ವಾ, ಕಾಮಾಲೇಂತ?”

ಗೋವು ಪೂಜ್ಯವೆಂಬ ಕಾರಣಕ್ಕೇ ಅದು ನರಳಿದಾಗ ವೈದ್ಯನನ್ನು ಕರೆಸಬೇಕು. ಅದಕ್ಕೆ ರೋಗವೇ ಬಾರದೆಂಬುದು ಭಕ್ತಿಯಲ್ಲ; ಹಸುವಿನ ಮುಖವನ್ನೊಮ್ಮೆಯೂ ನೋಡದವನ ಸೋಮಾರಿತನ. ಇಂಥವರ ಬಾಯಿಗೆ ಬಿದ್ದ ಶಾಸ್ತ್ರದ ಗತಿಯನ್ನು ನೆನೆದು, ಜಾನಕಿಯ ಮಂಚದ ಪಕ್ಕ ಜಪ ಮಾಡುತ್ತ ಕುಳಿತೆ.

ಒಂದು ಬೆಳಿಗ್ಗೆ ನರ್ಸು ಬೆಡ್‌ಪ್ಯಾನ್ ಹಿಡಿದು ನಕ್ಕಳು. “ಬಂತು ತಾತ, ಬಂತು!”

ಯಾವ ಕ್ಷೇತ್ರದ ತೀರ್ಥವನ್ನೂ ನಾನು ಅಷ್ಟು ಭಕ್ತಿಯಿಂದ ನೋಡಿರಲಿಲ್ಲ.

ಜಾನಕಿ ಈಗ ಮನೆಯಲ್ಲಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ಗೌರಿಗೂ ಪಶುವೈದ್ಯರನ್ನು ಕರೆಸಿದೆ. ಇನ್ನು ಶಾಂತಿಹೋಮ ಆಗಬೇಕೆಂದು ಶೇಷಗಿರಿ ಹೇಳಿ ಕಳುಹಿಸಿದ್ದಾನೆ.

ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಆ ನರ್ಸಿನ ನಗು ಮಾಸದಿರಲಿ. ಗೌರಿಗೆ ಸೂಜಿ ಚುಚ್ಚಿ ಒದೆ ತಿಂದ ಪಶುವೈದ್ಯರ ಮೊಣಕಾಲು ಗಟ್ಟಿಯಾಗಿರಲಿ. ಶೇಷಗಿರಿಗೆ ಭಗವಂತ ನೂರು ವರ್ಷ ಆಯುಸ್ಸು ಕೊಡಲಿ; ತನಗೇನೂ ತಿಳಿದಿಲ್ಲವೆಂದು ತಿಳಿಯಲು ಅವನಿಗೆ ಅಷ್ಟೂ ಬೇಕಾಗುತ್ತದೆ.