ನಮ್ಮತ್ತೆ ಬೈದ ಕಾದಂಬರಿಗಳು

ಮೊನ್ನೆ ಮೊಮ್ಮಗಳು ಒಂದು ಪ್ರೇಮದ ಕಾದಂಬರಿ ತಂದುಕೊಟ್ಟಳು. ರಟ್ಟಿನ ಮೇಲೆ ಒಂದು ಬೆಟ್ಟ, ಒಬ್ಬಳು ಹುಡುಗಿ, ಬೆಟ್ಟಕ್ಕಿಂತ ಎತ್ತರವಾಗಿ ಒಬ್ಬ ಹುಡುಗ. ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಓದಲು ಕೂತೆ. ನಲವತ್ತನೆಯ ಪುಟಕ್ಕೆ ಬರುವ ಹೊತ್ತಿಗೆ ನನ್ನ ಗೊಣಗಾಟ ಒಳಕೋಣೆಗೂ ಕೇಳಿಸಿರಬೇಕು. ಅವಳು ಎದ್ದು ಬಂದು, "ಇಷ್ಟ ಆಗ್ಲಿಲ್ಲ ಅಂದ್ರೆ ಬಿಡಿ ಅಜ್ಜಿ, ವಾಪಸ್ ಕೊಟ್ಬಿಡ್ತೀನಿ" ಎಂದು ಕೈ ಚಾಚಿದಳು. ನಾನು ಪುಸ್ತಕವನ್ನು ಎದೆಗೆ ಅವುಚಿಕೊಂಡೆ. "ಬೈತಾನೂ ಇದೀರ, ಬಿಡ್ತಾನೂ ಇಲ್ಲ" ಎಂದು ನಗುತ್ತಾ ಹೋದಳು.

ನನಗೆ ನಗು ಬರಲಿಲ್ಲ. ನಮ್ಮತ್ತೆ ನೆನಪಾದರು.

ನಾನು ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಲೋವರ್ ಸೆಕೆಂಡರಿ ಪಾಸಾದ ಹುಡುಗಿ ಎಂಬ ಜಂಬ ನನಗಿತ್ತು. ಆ ಜಂಬ ಇಳಿಯಲು ಒಂದು ವಾರ ಸಾಕಾಯಿತು. ನಡುಮನೆಯಲ್ಲಿ ಮಗ್ಗ. ನಮ್ಮವರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೇ ಏಳುವುದು. ಪಕ್ಕದ ಜಗಲಿಯಲ್ಲಿ ಅತ್ತೆಯೂ ನಾನೂ ರಾಟೆ ಮುಂದೆ ಕೂತು ಕಂಡಿಕೆ ಸುತ್ತಬೇಕು. ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ನಾನು ಸುತ್ತಿದ್ದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು, "ಇದೇನಮ್ಮಾ, ಹೆಬ್ಬಾವು ಇಲಿ ನುಂಗ್ದಂಗೈತೆ" ಎನ್ನುತ್ತಿದ್ದರು. ಬೈಗುಳದಲ್ಲಿ ಅವರದು ಧಾರಾಳದ ಕೈ. ಸಾರಿಗೆ ಉಪ್ಪು ಹೆಚ್ಚು, ಮುದ್ದೆಯಲ್ಲಿ ಗಂಟು, ನಡೆದರೆ ಸದ್ದು. ಎರಡು ವರ್ಷದಲ್ಲಿ ಒಂದು ದಿನವೂ ಅವರ ಬಾಯಲ್ಲಿ ಚೆನ್ನಾಗಿದೆ ಎಂಬ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ನಾನು ಈ ಮನೆಯವಳೋ, ಬರೀ ಬಂದು ಹೋಗುವವಳೋ ಎಂದು ಆಗಾಗ ಅನ್ನಿಸುತ್ತಿತ್ತು.

ತವರಿನಿಂದ ತಂದ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ, ಒಂದು ಪ್ರೇಮದ ಕಾದಂಬರಿ ಬಚ್ಚಿಟ್ಟಿದ್ದೆ. ಆಗ ಮದುವೆಯಾದ ಹೆಣ್ಣು ಕಾದಂಬರಿ ಓದಿದರೆ ಸಂಸಾರ ಕೆಡುತ್ತದೆ ಎಂದು ನಂಬುವವರಿದ್ದರು. ಒಂದು ದಿನ ಅತ್ತೆ ಸೀರೆ ಬಿಸಿಲಿಗೆ ಹಾಕಲು ತೆಗೆದರು, ಪುಸ್ತಕ ಕಾಲ ಮೇಲೆ ಬಿತ್ತು.

"ಏನಿದು?"

ಅತ್ತೆಗೆ ಅಕ್ಷರ ಬರುವುದಿಲ್ಲ ಎಂಬ ಧೈರ್ಯದ ಮೇಲೆ, "ಪುರಾಣ ಅತ್ತೆ" ಎಂದುಬಿಟ್ಟೆ.

"ಹಂಗಾದ್ರೆ ಓದು. ಕೇಳಿದ್ರೆ ಪುಣ್ಯ ಬತ್ತದೆ."

ಓದದೆ ವಿಧಿಯಿಲ್ಲ. ಮೊದಲ ಎರಡು ವಾಕ್ಯಗಳಲ್ಲಿ ಬೆಳದಿಂಗಳ ವರ್ಣನೆ ಇತ್ತು. ಪುರಾಣದ ರಾಗ ಎಳೆದು ಹೇಗೋ ದಾಟಿದೆ. ಮೂರನೆಯ ವಾಕ್ಯದಲ್ಲಿ ನಾಯಕಿ ರೈಲಿನಿಂದ ಇಳಿದಳು. ರೈಲನ್ನು ರಥ ಮಾಡಬಹುದಿತ್ತು, ಆದರೆ ಆ ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ಅತ್ತೆಯ ರಾಟೆ ನಿಂತಿತು.

"ಪುರಾಣದಲ್ಲಿ ರೈಲು ಯಾವಾಗ ಬಂತೇ?"

ನಾನು ತಲೆ ತಗ್ಗಿಸಿದೆ. ಇನ್ನೇನು ತವರಿಗೆ ಕಾಗದ ಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ ರಾಟೆ ಮತ್ತೆ ತಿರುಗಿತು. "ಇಳಿದ್ಲು, ಆಮೇಲೆ? ಕರ್ಕೊಂಡ್ ಹೋಗಾಕೆ ಯಾರೂ ಬಂದಿಲ್ವಾ?"

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ನಾನು ಓದುವುದು, ಅತ್ತೆ ಕೇಳುವುದು ಎಂದಾಯಿತು. ಓದುವಾಗ ನನ್ನ ಕೈಗೆ ಕೆಲಸವಿಲ್ಲವಲ್ಲ, ನನ್ನ ಪಾಲಿನ ಕಂಡಿಕೆಯನ್ನೂ ಅವರೇ ಸುತ್ತುತ್ತಿದ್ದರು. ನಾನಂತೂ ಅದನ್ನು ಗಮನಿಸಲೇ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಬೈಗುಳ ಎಷ್ಟು ಚೆನ್ನಾಗಿ ಕೇಳಿಸುತ್ತದೆಯೋ ಇಂಥವು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಒಂದು ಪುಸ್ತಕ ಎಷ್ಟು ದಿನ ಬಂದೀತು? ಪೇಟೆಬೀದಿಯ ವಾಚನಾಲಯದಿಂದ ತರಲು ನಮ್ಮವರನ್ನು ಅಟ್ಟಿದೆವು. ಪಾಪ, ಆ ಮನುಷ್ಯನಿಗೆ ಎಲ್ಲರೆದುರು ಪ್ರೇಮದ ಕಾದಂಬರಿ ಕೇಳಲು ಸಂಕೋಚ. ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಓಣಿಯಲ್ಲೇ ಬರುತ್ತಿದ್ದರು. ಅದೂ ಸಾಲದೆಂಬಂತೆ, ವಾಚನಾಲಯ ನೋಡಿಕೊಳ್ಳುತ್ತಿದ್ದ ಹಳೆಯ ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಪುಸ್ತಕ ಹಿಂತಿರುಗಿಸುವವರು ಅಲ್ಲಿದ್ದ ದಪ್ಪ ನೋಟ್‌ಬುಕ್ಕಿನಲ್ಲಿ ಹೆಸರು ಹಾಕಿ ಅಭಿಪ್ರಾಯ ಬರೆಯಬೇಕು. ಓದದೇ ತಂದಿದ್ದಾರೆ ಎಂದು ಯಾರೂ ಹೇಳಬಾರದಲ್ಲ! ನಮ್ಮವರು ಬಂದು ನನ್ನ ಮುಂದೆ ನಿಂತರು, "ಏನಾದ್ರೂ ಬರ್ಕೊಡೇ, ಅಲ್ಲಿ ನೋಡ್ಕೊಂಡು ಇಳಿಸ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬರ್ಕೋ" ಎಂದರು.

ಅತ್ತೆ ಆಡಿದ್ದನ್ನು ನಾನು ಶುದ್ಧ ಕನ್ನಡಕ್ಕೆ ತಿರುಗಿಸಿ ಬರೆದೆ: 'ಹುಡುಗ ಹೊಳೆದಂಡೆಯಲ್ಲಿ ಕೂತು ಮೂವತ್ತು ಪುಟ ನಿಟ್ಟುಸಿರು ಬಿಟ್ಟಿದ್ದಾನೆ. ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತಾನೆಂದು ಬರೆದವರು ಎಲ್ಲಿಯೂ ತಿಳಿಸಿಲ್ಲ. ಹೆಣ್ಣು ಕೊಡುವವರು ವಿಚಾರಿಸುವುದು ಒಳ್ಳೆಯದು.'

ಮುಂದಿನ ವಾರದ್ದು: 'ನಾಯಕಿ ಹನ್ನೊಂದು ಸಲ ಮೂರ್ಛೆ ಹೋಗಿದ್ದಾಳೆ. ಬೆಳಿಗ್ಗೆಯಿಂದ ಏನೂ ತಿಂದಂತಿಲ್ಲ. ಪನ್ನೀರು ಚಿಮುಕಿಸುವ ಬದಲು ಯಾರಾದರೂ ಒಂದು ಲೋಟ ಅಂಬಲಿ ಕೊಡಬಹುದಿತ್ತು.'

ಇನ್ನೊಂದು ಕಾದಂಬರಿಯಲ್ಲಿ ಅತ್ತೆಯೇ ರಾಕ್ಷಸಿ. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. "ಗಟ್ಟಿಯಾಗಿ ಓದು" ಎಂದು ನಮ್ಮತ್ತೆ ಪೂರ್ತಿ ಕೇಳಿದರು. ಆಮೇಲೆ ತೀರ್ಪು ಬಂತು: 'ಅತ್ತೆ ಕೆಟ್ಟವಳೆಂದು ಬರೆದಿದ್ದಾರೆ. ಆದರೆ ಮೊದಲಿನಿಂದ ಕೊನೆಯವರೆಗೂ ಅಡುಗೆ ಮಾಡಿದವಳು ಅವಳೇ. ಸೊಸೆ ಅತ್ತಿದ್ದಾಳೆ, ಅಷ್ಟೇ.'

ಪ್ರತಿ ಸಲವೂ ಬೈದು ಮುಗಿಸಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಅತ್ತೆ ಮೆಲ್ಲಗೆ ಇನ್ನೊಂದು ಮಾತು ಹೇಳುತ್ತಿದ್ದರು. "ಇಂಥದ್ದೇ ಇನ್ನೊಂದು ತರಾಕೆ ಹೇಳು." ಅದು ಗಂಡನಿಗೆ ಹೇಳಬೇಕಾದ ಮಾತು, ಅಭಿಪ್ರಾಯವಲ್ಲ ಎಂದು ನಾನು ಬರೆಯುತ್ತಿರಲಿಲ್ಲ. ಲೋವರ್ ಸೆಕೆಂಡರಿ ಪಾಸಾದವಳ ಬುದ್ಧಿವಂತಿಕೆ ನೋಡಿ.

ನಮ್ಮವರಿಗೆ ಊರಲ್ಲಿ ಹೆಸರು ಬಂತು. ಕಾದಂಬರಿ ಬಿಟ್ಟು ನೋಟ್‌ಬುಕ್ಕನ್ನೇ ಓದಲು ಬರುವವರಾದರು. "ಏನಪ್ಪಾ, ಈ ವಾರ ಯಾವ ನಾಯಕನ ಗ್ರಹಚಾರ?" ಎಂದು ಹೋಟೆಲಿನಲ್ಲಿ ಕೇಳಿದರೆ ಅವರು ಕಾಫಿಯೊಳಗೆ ಮುಖ ಹುದುಗಿಸುತ್ತಿದ್ದರಂತೆ.

ಒಂದು ಶನಿವಾರ ಅವರು ಬರಿಗೈಯಲ್ಲಿ ಬಂದರು. ಯುದ್ಧದಿಂದಾಗಿ ಕಾಗದಕ್ಕೆ ಬರ. ಪೊಟ್ಟಣ ಕಟ್ಟಲು ಅಂಗಡಿಯವರು ಹಳೆಯ ಕಾಗದ ಹುಡುಕುತ್ತಿದ್ದರು. ವಾಚನಾಲಯದ ಪ್ರೇಮದ ಕಾದಂಬರಿಗಳ ಕಪಾಟನ್ನು ಇಡಿಯಾಗಿ ಅವರಿಗೆ ಹಾಕಿಬಿಡುವುದೆಂದು ಸಮಿತಿಯವರು ಮಾತಾಡಿಕೊಂಡಿದ್ದರಂತೆ. ಭಾನುವಾರ ಸಭೆ ಸೇರಿ ತೀರ್ಮಾನ. ಅಧ್ಯಕ್ಷರು ಒಬ್ಬ ನಿವೃತ್ತ ಶಿರಸ್ತೇದಾರರು. ಅವರ ಕೈಯಲ್ಲಿದ್ದ ಆಧಾರ ಏನು ಗೊತ್ತೇ? ನಮ್ಮ ಅಭಿಪ್ರಾಯಗಳು. 'ನಮ್ಮ ಅತ್ಯುತ್ತಮ ಓದುಗನೇ ಒಂದನ್ನೂ ಬಿಡದೆ ತೆಗಳಿದ್ದಾನೆ, ಇವನ್ನು ಇಟ್ಟುಕೊಂಡು ಏನು ಪ್ರಯೋಜನ?' ಎಂದರಂತೆ.

ಆ ಮನೆಯಲ್ಲಿ ನಾನು ಸೊಸೆ ಎನ್ನುವುದನ್ನು ಮರೆತು ನಗುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ಅದು ಈಗ ಹುಣಸೆಹಣ್ಣಿನ ಪೊಟ್ಟಣವಾಗಿ ಹೋಗುವುದರಲ್ಲಿತ್ತು, ಅದೂ ನನ್ನದೇ ಕೈಬರಹದಿಂದ. ಆ ದಿನ ಅತ್ತೆ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಅದರಿಂದಲೇ ನನಗೆ ಇನ್ನೂ ಭಯವಾಯಿತು.

ಭಾನುವಾರ ಮಧ್ಯಾಹ್ನ ಅತ್ತೆ ಕೆಂಪಂಚಿನ ರೇಷ್ಮೆ ಸೀರೆ ಉಟ್ಟು, "ನಡಿಯೇ" ಎಂದರು. ಮುಂದೆ ಅವರು, ಹಿಂದೆ ನಾನು, ನಾಲ್ಕು ಅಂಗಡಿಗಳಷ್ಟು ದೂರದಲ್ಲಿ ನಮ್ಮವರು. ವಾಚನಾಲಯದ ಹೊಸ್ತಿಲು ದಾಟಿದ ಹೆಂಗಸರು ಅದುವರೆಗೆ ಇದ್ದರೋ ಇಲ್ಲವೋ, ನಾವು ಒಳಗೆ ಹೋಗುತ್ತಲೇ ಪತ್ರಿಕೆಗಳ ಸರಪರ ಸದ್ದು ನಿಂತಿತು. ಮೇಷ್ಟ್ರು ಎದ್ದು ನಿಂತರು.

"ಆ ಪುಸ್ತಕ ಮಾರ್ಬೇಡಿ ಸ್ವಾಮಿ" ಎಂದರು ಅತ್ತೆ.

ಶಿರಸ್ತೇದಾರರು ಸೌಮ್ಯವಾಗಿಯೇ, "ನಿಮ್ಮ ಮಗನೇ ಬರೆದಿದ್ದಾನಲ್ಲಮ್ಮ, ಒಂದೂ ಚೆನ್ನಾಗಿಲ್ಲ ಅಂತ" ಎಂದರು.

"ಬರ್ದಿದ್ದು ನಮ್ಮ ಸೊಸೆ. ಬೈದಿದ್ದು ನಾನು. ಅವನು ಹೊತ್ಕೊಂಡ್ ಬಂದ, ಅಷ್ಟೆಯ."

ಬಾಗಿಲಲ್ಲಿದ್ದ ನಮ್ಮವರು ಕಂಬದ ಮರೆಗೆ ಸರಿದರು. ಯಾರೋ ನಕ್ಕರು. ಶಿರಸ್ತೇದಾರರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದರೆ ನೀವೇ ಹೇಳಿ. ಇಷ್ಟೆಲ್ಲ ಬೈದಮೇಲೆ ಇಟ್ಟುಕೊಳ್ಳೋದು ಯಾತಕ್ಕೆ?" ಎಂದರು.

ಅತ್ತೆ ಹಿಂದಕ್ಕೆ ಕೈ ಹಾಕಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು.

"ಸ್ವಾಮಿ, ಇವ್ಳು ನಮ್ಮನೆಗೆ ಬಂದು ಎರಡು ವರ್ಷ ಆಯ್ತು. ಬೈಯ್ದೆ ಇದ್ದ ದಿವ್ಸ ಇಲ್ಲ. ಹಂಗಂತ ಇವಳನ್ನ ತವರಿಗೆ ಸಾಗಹಾಕ್ರಿ ಅಂತ ನಿಮಗೆ ಯಾವತ್ತಾನಾ ಬಂದು ಹೇಳಿದ್ನಾ?"

ಎಲ್ಲರೂ ನಕ್ಕರು. ನಾನು ಮಾತ್ರ ಅಳತೊಡಗಿದೆ. ಎಷ್ಟು ಅತ್ತುಬಿಟ್ಟೆನೆಂದರೆ ಮೇಷ್ಟ್ರು ಕೂಜದಿಂದ ನೀರು ಬಗ್ಗಿಸಿ ಕೊಟ್ಟರು. "ನೋಡಿ, ಈಗ ಇವಳೂ ಮೂರ್ಛೆ ಹೋದಾಳು" ಎಂದರು ಅತ್ತೆ. ರಟ್ಟೆ ಹಿಡಿದ ಕೈಯನ್ನು ಬಿಟ್ಟಿರಲಿಲ್ಲ. ಆ ಕೈಗೆ ರಾಟೆ ತಿರುಗಿಸಿ ತಿರುಗಿಸಿ ಬಂದ ಗಟ್ಟಿ ಗಂಟುಗಳಿದ್ದವು. ಅವುಗಳಲ್ಲಿ ನನ್ನ ಪಾಲಿನವೂ ಇವೆಯೆಂದು ಆಗ ಹೊಳೆಯಿತು.

ಕಪಾಟು ಉಳಿಯಿತು. ಅಂದಿನಿಂದ ಅಭಿಪ್ರಾಯದ ಕೆಳಗೆ ನಮ್ಮವರ ಹೆಸರಿನ ಬದಲು ಅತ್ತೆಯ ಹೆಬ್ಬೆಟ್ಟಿನ ಗುರುತು ಬೀಳತೊಡಗಿತು. ನೋಟ್‌ಬುಕ್ಕು ಮನೆಗೇ ಬಂದು ಹೋಗುತ್ತಿತ್ತು. ಆ ಭಾನುವಾರ ನಾವು ಹೊರಟಾಗ ಶಿರಸ್ತೇದಾರರು ಬಾಗಿಲವರೆಗೂ ಬಂದು, ಆಚೀಚೆ ನೋಡಿ, "ಆ ಹನ್ನೊಂದು ಸಲ ಮೂರ್ಛೆ ಹೋಗೋಳ ಪುಸ್ತಕ ಯಾವುದಮ್ಮ?" ಎಂದು ಕೇಳಿದ್ದನ್ನು ಅತ್ತೆ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು. ಅಂದು ಮನೆಗೆ ಬರುವ ದಾರಿಯಲ್ಲೇ ನನಗೆ, "ನೆಟ್ಟಗೆ ನಡಿ, ಸೆರಗು ನೆಲ ಗುಡಿಸ್ತೈತೆ" ಎಂದು ಬೈದರು. ಎರಡು ವರ್ಷ ಕೇಳಿದ ಅದೇ ದನಿ. ಕೇಳಲು ಎಷ್ಟು ಹಿತವಾಗಿತ್ತು ಎಂದು ಹೇಗೆ ಹೇಳಲಿ.

ಇಷ್ಟೆಲ್ಲ ನೆನೆದು ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಾದಂಬರಿ ಮತ್ತೆ ತೆರೆದೆ. ಎರಡು ದಿನ ಕೂತು ಪೂರ್ತಿ ಓದಿದೆ. ಹುಡುಗ ಬೆಟ್ಟದಿಂದ ಇಳಿಯಲೇ ಇಲ್ಲ. ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಕರೆದು ಪೆನ್ನು ಹಿಡಿಸಿದೆ.

"ಬರ್ಕೋ. ಹುಡುಗನಿಗೆ ಏನು ಕೆಲಸ ಅಂತ ತಿಳಿಯಲಿಲ್ಲ. ಬೆಟ್ಟದ ಮೇಲೆ ಊಟಕ್ಕೆ ಏನು ಮಾಡಿದ ಅಂತಲೂ ತಿಳಿಯಲಿಲ್ಲ. ಹುಡುಗಿಗೆ ಬುದ್ಧಿ ಹೇಳೋರು ಯಾರೂ ಇಲ್ಲ."

ಅವಳು ಬರೆದು, "ಮುಗೀತಾ ಅಜ್ಜಿ?" ಎಂದು ಪೆನ್ನು ಮುಚ್ಚಲು ಹೋದಳು.

"ಇರು. ಕೊನೇಲಿ ಇದನ್ನೂ ಬರಿ," ಎಂದೆ. "ಇಂಥದ್ದೇ ಇನ್ನೊಂದು ತಗೊಂಡು ಬಾ."