ಪರದೆ ತೋರಿಸಿದ ಜಾಗ

ಗೆಳೆಯರೇ, ಇವತ್ತು ಹತ್ತರಗಿಯ ಒಂದು ಮದುವೆ ನನ್ನ ಕೈಯಿಂದಲೇ ಅಳಿಸಿಹೋಗುತ್ತಿತ್ತು. ಮೂಡಲಗಿಯ ನಮ್ಮ ವಿಡಿಯೋ ಅಂಗಡಿಯಲ್ಲಿ, ಕಾಪಿ ಮುಗಿಯಿತೆಂದು ಕ್ಯಾಮೆರಾದ ಕಾರ್ಡ್ ಖಾಲಿ ಮಾಡಲು ಹೊರಟಿದ್ದೆ.

“ತಡೀರಿ ಕಾಕಾ! ಅರ್ಧಕ್ಕ ನಿಂತೈತ್ರಿ, ಡಿಸ್ಕ್ ತುಂಬೈತಿ,” ಎಂದು ಕೂಗಿದಳು ಎಡಿಟಿಂಗ್ ಮಾಡುವ ಶಬಾನಾ.

“ಕಣ್ಣ ಕಾಣಸಂಗಿಲ್ಲೇನ ನಿನಗ? ಪರದೆ ಮ್ಯಾಲ ಬೇಕಾದಷ್ಟ ಜಾಗಾ ತೋರಸಾಕತ್ತೈತಿ!” ಎಂದು ರೇಗಿದೆ.

“ಅದು ಹೆಸರಿಗಷ್ಟ ಕೊಟ್ಟ ಜಾಗಾರಿ. ಮೂರೂ ಕಂಪ್ಯೂಟರಿಗೆ ಇರೂದು ಒಂದ ಡಿಸ್ಕ್ ಪೆಟ್ಟಿಗಿ, ತೋರಸಿದಷ್ಟ ಜಾಗಾ ಅದರಾಗಿಲ್ರಿ. ವಿಡಿಯೋ ಬಂದಂಗ ಖರೆ ಜಾಗಾ ಕೊಡತೈತಿ. ಐನೂರ ಮಂದಿನ್ನ ಊಟಕ್ಕ ಕರದ್ರೂ, ಕುಂತಂಗ ಎಲಿ ಹಾಕ್ತೀವಲ್ರಿ, ಹಂಗ. ಈಗ ಎಲಿ ತೀರ್ಯಾವ.”

ಹೊಸ ಡಿಸ್ಕ್ ಸೇರಿಸಿದಳು. ಅಕ್ಷತೆಯವರೆಗೂ ಪೂರ್ತಿ ಕಾಪಿಯಾಯಿತು. ಬೈದದ್ದು ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಅವಳಿಗೆ ಚಹಾ ತರಿಸಿದೆ.

“ಇವತ್ತೇನ್ರಿ ವಿಶೇಷ?” ಎಂದಳು. ಗೊತ್ತಿದ್ದೂ ಬೇಕಂತಲೇ ಕೇಳುತ್ತಾಳೆ.