ಕಾರ್ಡ್ ಚೌಡಪ್ಪನ ಕೊನೆಯಿಲ್ಲದ ಪುಸ್ತಕ

ಪುಸ್ತಕ ಕೇಳಲು ಹೋದವರ ಮುಖವನ್ನು ಚೌಡಪ್ಪಣ್ಣ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಎರಡೂ ಅಂಗೈ ಮುಂದೆ ಚಾಚಿ ನಿಲ್ಲಬೇಕು, ಡಾಕ್ಟರಿಗೆ ಕಜ್ಜಿ ತೋರಿಸುವವರ ಹಾಗೆ. ಗ್ರೀಸು, ಎಣ್ಣೆ, ಬೋಂಡದ ಜಿಡ್ಡು ಏನಾದರೂ ಕಂಡರೆ "ಹೋಗಿ ಸೋಪ್ ಹಾಕ್ಕೊಂಡ್ ಬಾ. ಇದು ಪುಸ್ತಕ, ಟವಲ್ ಅಲ್ಲ" ಎಂದು ವಾಪಸು ಕಳಿಸುತ್ತಿದ್ದರು. ಕೈ ಚೊಕ್ಕವಾಗಿದ್ದರೂ ಸಮಾಧಾನವಿಲ್ಲ. "ಇಷ್ಟು ನೈಸಾಗೈತೆ ಅಂದ್ರೆ ಜೀವನದಲ್ಲಿ ಏನೂ ಕೆಲ್ಸ ಮಾಡಿಲ್ಲ ಬಿಡು" ಎನ್ನುತ್ತಿದ್ದರು. ಅವರ ಹತ್ತಿರ ಬೈಸಿಕೊಳ್ಳದೆ ಪುಸ್ತಕ ತಂದವರು ದೊಡ್ಡಬಳ್ಳಾಪುರದಲ್ಲಿ ಯಾರೂ ಇಲ್ಲ.

ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್. ಸೀರೆಯ ಅಂಚಿಗೆ, ಸೆರಗಿಗೆ ಡಿಸೈನು ಬರಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಮಾಲೆ ತಿರುಗಬೇಕು. ಒಂದು ನವಿಲಿಗೆ ನೂರಾರು ಕಾರ್ಡು. ಆ ತೂತು ಹೊಡೆಯುವುದೇ ಚೌಡಪ್ಪಣ್ಣನ ಕೆಲಸ, ಹಾಗಾಗಿ ಊರಿಗೆಲ್ಲ ಅವರು ಕಾರ್ಡ್ ಚೌಡಪ್ಪ. ತೂತು ಹೊಡೆಯುವ ಯಂತ್ರದ ಹಿಂದೆ ಒಂದು ಕಬ್ಬಿಣದ ಬೀರು ಇತ್ತು. ಅದರ ತುಂಬ ಬೇರೆ ಗ್ರಹಗಳು, ಮಾಯಾದ್ವೀಪಗಳು, ಮಾತಾಡುವ ಯಂತ್ರಗಳು, ರೆಕ್ಕೆ ಬಂದ ಹಾವುಗಳು. ಕನ್ನಡದಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನವಕ್ಕೂ ಕೈ ಹಾಕಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ.

ಓದು, ಮಾತು ಎಲ್ಲ ಕರೆಂಟು ಹೋದಾಗ ಮಾತ್ರ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಕಿವಿ ಗುಂಯ್ ಎಂದ ಕೂಡಲೇ ನಾವು ನಾಲ್ಕೈದು ಜನ ಅವರ ಜಗಲಿಗೆ ಓಡುತ್ತಿದ್ದೆವು. ಓದಿದ್ದನ್ನು ಹೇಳಬೇಕು, ಬೈಸಿಕೊಳ್ಳಬೇಕು, ಹೊಸದನ್ನು ತರಬೇಕು. ಕರೆಂಟು ಬಂದರೆ ಚೌಡಪ್ಪಣ್ಣ ಮಾತಿನ ಮಧ್ಯದಲ್ಲೇ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಭೂಮಿಯ ಮೇಲೆ ಕೊನೆಯ ಮನುಷ್ಯ ಸಾಯುತ್ತಿದ್ದರೂ ಅಷ್ಟೇ.

ಅವರ ತಿರಸ್ಕಾರಕ್ಕೆ ಪಾತ್ರರಾಗದವರು ಕಡಿಮೆ. ಪುಟದ ಕಿವಿ ಮಡಿಸುವವರು, ಕಥೆಯ ಸಾರಾಂಶವನ್ನು ಫೋನಿನಲ್ಲಿ ನೋಡಿ ಬರುವವರು, "ಓದೋಕೆ ಟೈಮೇ ಸಿಗಲ್ಲ" ಎಂದು ರಾಗ ಎಳೆಯುವವರು. ಎಲ್ಲರಿಗಿಂತ ಮೇಲೆ, ಇವೆಲ್ಲ ಮಕ್ಕಳ ಕಥೆ ಎನ್ನುವವರು. ನಮ್ಮ ಬೀದಿಯ ಸೈಟ್ ಬ್ರೋಕರ್ ಒಬ್ಬ ಹಾಗೆಂದು ಸಿಕ್ಕಿಬಿದ್ದಿದ್ದ. "ನೋಡಮ್ಮ ಇವನ್ನ" ಎಂದು ಚೌಡಪ್ಪಣ್ಣ ನನ್ನನ್ನು ಕರೆದು ತೋರಿಸಿದರು. "ಬೆಳಗ್ಗೆ ಎದ್ದು ಪೇಪರ್ನಾಗೆ ಭವಿಷ್ಯ ನೋಡ್ಕೊಂಡು ಮನೆಯಿಂದ ಆಚೆ ಬರ್ತಾನೆ. ಏರ್‌ಪೋರ್ಟಿಗೆ ಐದೇ ನಿಮಿಷ ಅಂತ ಬೋರ್ಡ್ ಬರೆಸ್ತಾನೆ. ಇವನಿಗೆ ರೆಕ್ಕೆ ಇರೋ ಹಾವು ಮಾತ್ರ ಸುಳ್ಳಂತೆ!" ಆ ಬ್ರೋಕರ್ ಆಮೇಲೆ ಆ ಜಗಲಿಯ ಮುಂದೆ ಬೈಕು ನಿಧಾನ ಮಾಡಿದ್ದನ್ನು ನಾನು ನೋಡಿಲ್ಲ.

ಬೀರುವಿನಲ್ಲಿ ಒಂದು ಪುಸ್ತಕಕ್ಕೆ ಪ್ರತ್ಯೇಕ ಜಾಗ. ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಮೇಲಿನ ರಟ್ಟಿಲ್ಲ, ಮೊದಲ ಹಾಳೆಯಿಲ್ಲ, ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಹಳೆಯ ಡಿಸೈನಿನ ಕಾರ್ಡುಗಳನ್ನೇ ಅಂಟಿಸಿ, ಕಾರ್ಡು ಹೊಲಿಯುವ ದಾರದಲ್ಲೇ ಹೊಲಿದು ಅದಕ್ಕೆ ರಟ್ಟು ಕಟ್ಟಿದ್ದರು. ಬೆಳಕಿಗೆ ಹಿಡಿದರೆ ರಟ್ಟಿನ ತೂತುಗಳು ಮಿನುಗುತ್ತಿದ್ದವು. ಕಥೆ ಒಂದು ಒಣ ಗ್ರಹದ್ದು. ಅಲ್ಲಿ ಬಾವಿ ತೋಡುವ ಹೆಂಗಸೊಬ್ಬಳು ನೀರಿಗಾಗಿ ವರ್ಷಗಟ್ಟಲೆ ಕೆಳಗಿಳಿಯುತ್ತಾಳೆ. ಒಂದು ದಿನ ತಾನು ಕೈ ನಿಲ್ಲಿಸಿದರೂ ತೋಡುವ ಸದ್ದು ನಿಲ್ಲುವುದಿಲ್ಲ. ಕೆಳಗಿನಿಂದ ಯಾರೋ ಮೇಲಕ್ಕೆ ತೋಡುತ್ತಾ ಬರುತ್ತಿದ್ದಾರೆ.

ಪಿಯುಸಿಯಲ್ಲಿದ್ದಾಗ ಅದನ್ನು ನನಗೆ ಕೊಟ್ಟರು. ನಾನು ಅರ್ಧ ಓದಿದೆ, ಪರೀಕ್ಷೆ ಬಂತು, ಹಾಗೆಯೇ ವಾಪಸು ಕೊಂಡೊಯ್ದೆ. "ಹೆಂಗಿತ್ತು?" ಅಂದರು. "ಸೂಪರ್ ಅಣ್ಣ. ಕೊನೆಯಂತೂ ತುಂಬಾ ಚೆನ್ನಾಗೈತೆ" ಅಂದೆ. ಅವರು ಪುಸ್ತಕ ಇಸಿದುಕೊಂಡು ಬೀರುವಿನ ಬಾಗಿಲು ಹಾಕಿದರು. ಆರು ತಿಂಗಳು ನನಗೆ ಪುಸ್ತಕವಿಲ್ಲ. ಜಗಲಿಗೆ ಹೋದರೆ "ಸುಜಾತಮ್ಮನೋರು ಎಲ್ಲಾ ಓದ್ಬಿಟ್ಟವ್ರೆ, ಅವರಿಗೇನು ಕೊಡಾದು" ಎನ್ನುತ್ತಿದ್ದರು. ಕೊನೆಗೆ ಬೇಡಿಕೊಂಡು ಅದೇ ಪುಸ್ತಕವನ್ನು ಮತ್ತೆ ತಂದು ಪೂರ್ತಿ ಓದಿದೆ. ಕೊನೆಯ ಸಾಲು "ತಳ ಬಿರಿಯಿತು, ಆಚೆಯಿಂದ ಒಂದು ಕೈ" ಎಂದು ನಿಂತಿತ್ತು. ಮುಂದೆ ಹಾಳೆಯೇ ಇಲ್ಲ. ನಾಚಿಕೆ ಒಂದು ಕಡೆ, ಆ ಕೈ ಯಾರದು ಎಂಬ ಸಂಕಟ ಇನ್ನೊಂದು ಕಡೆ. ಓಡಿಹೋಗಿ ಕೇಳಿದೆ.

"ನಂಗೊತ್ತಿದ್ರೆ ಊರಿಗೆಲ್ಲ ಯಾಕಮ್ಮ ಹಂಚ್ತಿದ್ದೆ?" ಅಂದರು ಚೌಡಪ್ಪಣ್ಣ. "ಎಲ್ಲೋ ಒಬ್ಬರು ಇದನ್ನ ಪೂರ್ತಿ ಓದಿರ್ತಾರೆ ಅಂತ ಕೊಡ್ತೀನಿ. ಬರೋರೆಲ್ಲ ಸುಳ್ಳು ಹೇಳೋರೇ."

ಜನ ಅದನ್ನು ಪರೀಕ್ಷೆ ಎಂದುಕೊಂಡಿದ್ದರು. ಆ ದಿನ ನನಗೆ ಅದು ಹಾಗಲ್ಲವೆಂದು ತಿಳಿಯಿತು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದೇ: ಬಾವಿಯ ತಳದ ಆಚೆ ಯಾರಿದ್ದರು ಎನ್ನುವುದು. ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಲ್ಲೆಲ್ಲ ಕಥೆ ಹೇಳಿ ಹುಡುಕಿ, ಸುಸ್ತಾಗಿ, ಆ ಸುಸ್ತನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು.

ನಾನೀಗ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿದ್ದೇನೆ. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ರಕ್ತ ತರುವ ಕೆಲಸ. ಹಾಗೆ ತಿರುಗುವಾಗಲೇ ದೇವನಹಳ್ಳಿಯ ಒಂದು ಕಾಫಿ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದ ವಿಷಯ ತಿಳಿದದ್ದು. ಕಾಲ್ಪನಿಕ ಲೋಕದ, ವಿಜ್ಞಾನದ ಕಥೆಗಳಿಗೆಂದೇ ಮಾಡಿಕೊಂಡ ಕೂಟ. ಒಬ್ಬೊಬ್ಬರು ತಮಗಿಷ್ಟವಾದ ಪುಸ್ತಕ ತರುವುದು, ಅದರ ಬಗ್ಗೆ ಮಾತಾಡುವುದು, ಎರವಲು ಕೊಡುವುದು. ಹೋಗಿ ನೋಡಿದೆ. ಕಾಫಿ ಕಪ್ಪಿನ ಪಕ್ಕ ಪುಸ್ತಕವಿಟ್ಟು ಫೋಟೋ ತೆಗೆಯಲು ಅರ್ಧ ಗಂಟೆ, ಪುಸ್ತಕದ ಮಾತು ಹತ್ತು ನಿಮಿಷ. ಎಲ್ಲ ಪುಸ್ತಕವೂ ಅವರಿಗೆ "ಮೈಂಡ್‌ಬ್ಲೋಯಿಂಗ್". ಇವರನ್ನು ಚೌಡಪ್ಪಣ್ಣನಿಗೆ ತೋರಿಸದಿದ್ದರೆ ನನ್ನ ಜನ್ಮ ದಂಡ ಅನ್ನಿಸಿತು. ಕರೆದುಕೊಂಡು ಹೋದೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೊದಲ ದಿನ ಯಾರನ್ನೂ ಬೈಯದೆ, ಆ ಕಾರ್ಡಿನ ರಟ್ಟಿನ ಪುಸ್ತಕವನ್ನು ಮೇಜಿನ ಮೇಲಿಟ್ಟು "ನಂಗಿಷ್ಟ ಆಗಿದ್ದು. ಓದ್ರಿ" ಅಂದರು. ಅಷ್ಟೊಂದು ಕೈಗಳಿದ್ದರೂ ಒಂದನ್ನೂ ಪರೀಕ್ಷಿಸಲಿಲ್ಲ. ಇವರು ಬೈಯಲಲ್ಲ, ಆ ಕೊನೆ ಹುಡುಕಲು ಬಂದಿದ್ದಾರೆಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಮಳೆಗಾಲ ಪೂರ್ತಿ ಆ ಪುಸ್ತಕ ಮನೆಮನೆ ಸುತ್ತಿ, ದಸರಾ ಕಳೆದ ಮೇಲೆ ಮತ್ತೆ ಮೇಜಿಗೆ ಬಂತು. ಎಲ್ಲರೂ ಅಭಿಪ್ರಾಯ ಹೇಳುವ ದಿನ.

ಕೂಟ ನಡೆಸುವ ಹುಡುಗ ಕೊನೆಯನ್ನು ಮೊದಲೇ ಊಹಿಸಿದ್ದನಂತೆ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಹುಡುಗಿಗೆ ಕ್ಲೈಮ್ಯಾಕ್ಸ್ ಸ್ವಲ್ಪ ಅವಸರ ಅನ್ನಿಸಿತಂತೆ. ಒಬ್ಬರು ಅತ್ತೇಬಿಟ್ಟರಂತೆ. ಚೌಡಪ್ಪಣ್ಣ ಪ್ರತಿಯೊಬ್ಬರಿಗೂ "ಹೌದಾ? ಆಮೇಲೆ?" ಎನ್ನುತ್ತಾ ಕೂತಿದ್ದರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ. ಕೊನೆಯಲ್ಲಿ ಮೂಲೆಯಲ್ಲಿದ್ದ ಇಂದಿರಮ್ಮನ ಸರದಿ. ಅಂಚೆ ಕಚೇರಿಯಿಂದ ನಿವೃತ್ತರಾದವರು, ಕೋಟೆಯೊಳಗೆ ಮನೆ, ಎಂದೂ ಹೆಚ್ಚು ಮಾತಾಡಿದವರಲ್ಲ.

"ಕೊನೆ ನಂಗೆ ಬಹಳ ಇಷ್ಟ" ಅಂದರು. "ಕೆಳಗಿಂದ ತೋಡ್ತಿದ್ದೋಳಿಗೂ ನೀರು ಬೇಕಾಗಿರುತ್ತೆ. ಮೇಲೆ ನೀರಿದೆ ಅಂತ ಅವಳು ಬಂದಿರ್ತಾಳೆ, ಕೆಳಗಿದೆ ಅಂತ ಇವಳು ಹೋಗಿರ್ತಾಳೆ. ಆಮೇಲೆ ಇಬ್ಬರೂ ಸೇರಿ ಅಡ್ಡಕ್ಕೆ ತೋಡೋಕೆ ಶುರು ಮಾಡ್ತಾರೆ."

"ಅಡ್ಡಕ್ಕೆ ಬಾವಿ ತೋಡ್ತಾರಾ? ಅವ್ರೇನು ಹೆಗ್ಗಣಗಳಾ?" ಅಂದರು ಚೌಡಪ್ಪಣ್ಣ. ಪುಸ್ತಕ ಎತ್ತಿ ಕೊನೆಯ ಹಾಳೆ ತೆರೆದು ಎಲ್ಲರ ಮೂಗಿನ ಮುಂದೆ ಹಿಡಿದರು. "ಇದಕ್ಕೆ ಕೊನೆನೇ ಇಲ್ಲ ಕಣ್ರಪ್ಪಾ. ಕಿತ್ತೋಗೈತೆ. ಊಹೆ ಮಾಡ್ದೋನೆ, ಏನ್ ಊಹೆ ಮಾಡ್ದೆ? ಅತ್ತೋರು ಯಾವ ಪುಟಕ್ಕೆ ಅತ್ರಿ? ಇಷ್ಟ ಅಂತೀರಿ, ಪ್ರಾಣ ಅಂತೀರಿ, ಓದಾದ್ ಮಾತ್ರ ಮಾಡಲ್ಲ. ನಮ್ ಮಗ್ಗಕ್ಕೆ ಒಂದು ಕಾರ್ಡ್ ಕಮ್ಮಿ ಹಾಕಿದ್ರೆ ಅದು ತೋರಿಸ್ಕೊಡ್ತದೆ. ನಿಮ್ಗಿಂತ ಆ ಕಬ್ಬಿಣ ವಾಸಿ."

ಕೂಟ ನಡೆಸುವ ಹುಡುಗನ ಮುಖ ನೋಡಬೇಕಿತ್ತು. ಆದರೆ ಇಂದಿರಮ್ಮ ಮೆಲ್ಲಗೆ "ನಾನು ಚಿಕ್ಕೋಳಿದ್ದಾಗ ಇದನ್ನ ಪೂರ್ತಿ ಓದಿದ್ದೆ" ಅಂದರು.

"ಹೌದಾ ತಾಯಿ? ಹಂಗಾದ್ರೆ ಪುಸ್ತಕದ ಹೆಸರು ಹೇಳ್ರಿ."

ಅವರಿಗೆ ಹೆಸರು ನೆನಪಾಗಲಿಲ್ಲ. ಸಿಕ್ಕಿಬಿದ್ದ ಉಳಿದವರೆಲ್ಲ, ತಮಗಿಂತ ದೊಡ್ಡ ಸುಳ್ಳುಗಾರ್ತಿ ಸಿಕ್ಕಳೆಂಬ ನೆಮ್ಮದಿಯಲ್ಲಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಪಿಯುಸಿಯಲ್ಲಿ ಅದೇ ಸುಳ್ಳು ಹೇಳಿದ್ದವಳು! ಇಂದಿರಮ್ಮ ಚೀಲ ಎತ್ತಿಕೊಂಡು ಹೊರಟುಹೋದರು, ಮತ್ತೆ ಕೂಟಕ್ಕೆ ಬರಲಿಲ್ಲ. ನಾವೂ ಹೋಗಲಿಲ್ಲ. ಸ್ಕೂಟರಿನ ಹಿಂದೆ ಕೂತು ಚೌಡಪ್ಪಣ್ಣ ದಾರಿಯುದ್ದಕ್ಕೂ "ಅಡ್ಡಕ್ಕಂತೆ, ಅಡ್ಡಕ್ಕೆ" ಎಂದು ನಗುತ್ತಿದ್ದರು.

ಎರಡು ವರ್ಷವಾಯಿತು. ಚೌಡಪ್ಪಣ್ಣನ ಯಂತ್ರ ನಿಂತಿತು, ಡಿಸೈನೆಲ್ಲ ಕಂಪ್ಯೂಟರಿಗೆ ಹೋಯಿತು. ಕಣ್ಣಿಗೆ ಪೊರೆ, ಎದೆಯಲ್ಲಿ ಕೆಮ್ಮು. ಅವರ ರಕ್ತ ತೆಗೆಯುತ್ತಿದ್ದವಳು ನಾನೇ. ರಿಪೋರ್ಟಿನಲ್ಲಿ ರಕ್ತದ ಅಂಶ ಬರೀ ಇಳಿಯುತ್ತಿತ್ತು. ಆದರೂ ಬೈಗುಳಕ್ಕೆ ಕೊರತೆಯಿರಲಿಲ್ಲ: "ಸೊಳ್ಳೆಗೆ ನಿನ್ಗಿಂತ ಚೆನ್ನಾಗಿ ನರ ಸಿಗ್ತದೆ."

ಹೋದ ಫಾಲ್ಗುಣದಲ್ಲಿ ದೇವನಹಳ್ಳಿ ಕೋಟೆಯೊಳಗಿನ ಒಂದು ಮನೆಗೆ ರಕ್ತ ತರಲು ಹೋದೆ. ಬಾಗಿಲು ತೆರೆದವರು ಇಂದಿರಮ್ಮ. ಇಬ್ಬರಿಗೂ ಗುರುತು ಸಿಕ್ಕಿತು. ಅವರ ತೋಳಿಗೆ ಪಟ್ಟಿ ಕಟ್ಟುವಾಗ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿ ಒಂದು ಹಳೆಯ ಪುಸ್ತಕ ಕಂಡಿತು. ರಟ್ಟಿನ ಮೇಲೆ ಬಾವಿ, ಬಾವಿಯೊಳಗೆ ಒಬ್ಬಳು ಹೆಂಗಸು. ಸೂಜಿ ಕೆಳಗಿಟ್ಟೆ.

"ಅದೇ" ಅಂದರು ಇಂದಿರಮ್ಮ. "ಅವತ್ತು ಮನೆಗೆ ಬಂದು ನಮ್ಮಣ್ಣನ ಮನೆಯ ಟ್ರಂಕೆಲ್ಲಾ ಹುಡುಕಿಸಿದೆ. ಸಿಕ್ತು. ತರೋಣ ಅಂದ್ಕೊಂಡೆ. ಮತ್ತೆ ನಗ್ತೀರಿ ಅಂತ ಸುಮ್ಮನಾದೆ."

ಕಾಲು ಹಿಡಿಯುವುದೊಂದು ಬಾಕಿ. ಕ್ಷಮೆ ಕೇಳಿ ಪುಸ್ತಕ ಬೇಡಿದೆ. ಅವರು ನನ್ನ ಕೈ ನೋಡಲಿಲ್ಲ, ಮುಖ ನೋಡಿ ಕೊಟ್ಟರು. ಪುಸ್ತಕದ ಹೆಸರು ಈಗ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಸಾರಾಂಶ ಹುಡುಕುತ್ತೀರಿ.

ಮಾರನೇ ಬೆಳಗ್ಗೆ ಕರೆಂಟು ಹೋದ ಹೊತ್ತಿಗೆ ಚೌಡಪ್ಪಣ್ಣನ ಮಂಚದ ಪಕ್ಕ ಕೂತು, ಎಲ್ಲಿ ಸಿಕ್ಕಿತೆಂದು ಹೇಳದೆ, "ಆಚೆಯಿಂದ ಒಂದು ಕೈ" ಎಂಬಲ್ಲಿಂದ ಓದಲು ಶುರು ಮಾಡಿದೆ. ಆ ಕೈಯಲ್ಲಿ ಒಂದು ಬರಿದಾದ ಕೊಡ ಇತ್ತು. ಎರಡು ಪುಟ ಆಗುವಷ್ಟರಲ್ಲಿ ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಹೊಡೆದುಕೊಳ್ಳತೊಡಗಿದವು. ಯಂತ್ರ ನಿಂತ ಮೇಲೂ ಕರೆಂಟು ಬಂದರೆ ಮಾತು ಮುರಿದು ಆಚೆ ತಿರುಗುತ್ತಿದ್ದ ಚೌಡಪ್ಪಣ್ಣ ಹಾಗೆ ಮಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಗಂಟಲು ಹರಿಯುವಂತೆ ಕೂಗಿ ಓದಿದೆ. ಇಬ್ಬರು ಹೆಂಗಸರೂ ತಮ್ಮ ಬರಿಗೊಡಗಳನ್ನು ನೋಡಿಕೊಂಡು ಕೂತ ಜಾಗಕ್ಕೆ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಸಾಕು. ಮುಂದಿಂದು ಅವತ್ತೇ ಆಯಮ್ಮ ಹೇಳವ್ರೆ."

ನಾನು ಪುಸ್ತಕ ಮುಚ್ಚಿದೆ. ಅವರು ಬಹಳ ಹೊತ್ತು ಕೆಮ್ಮಿದರು.

"ಎದುರಿಗೇ ಕೂತ್ಕೊಂಡು ಹೇಳಿದ್ರು, ನೋಡು. ಇಷ್ಟು ವರ್ಷ ಹುಡುಕ್ದೋನು ಹೆಗ್ಗಣ ಅಂದ್ಬಿಟ್ಟೆ. ಎಂಥಾ ಓದೋನು ನಾನು, ಥೂ." ಜೀವಮಾನವಿಡೀ ಊರಿಗೆ ಹಂಚಿದ ತಿರಸ್ಕಾರದಲ್ಲಿ ಇಷ್ಟು ಖಾರವಾದದ್ದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. "ಉಳಿದಿದ್ದು ಓದ್ಬೇಡ. ಅವ್ರನ್ನೇ ಕರ್ಕೊಂಡ್ ಬಾ. ಅವ್ರ ಬಾಯಲ್ಲೇ ಕೇಳ್ತೀನಿ. ನಾನು ನಗಲ್ಲ ಅಂತ ಹೇಳು."

ಇಂದಿರಮ್ಮ ಭಾನುವಾರ ಬರುತ್ತೇನೆಂದರು. ಚೌಡಪ್ಪಣ್ಣ ಶುಕ್ರವಾರ ಹೋಗಿಬಿಟ್ಟರು.

ಆದರೂ ಇಂದಿರಮ್ಮ ಭಾನುವಾರ ಬಂದರು. ನಾನು ಫೋನು ಮಾಡಿ ಬೇಡವೆಂದಿದ್ದರೂ ಬಸ್ಸು ಹತ್ತಿ ಬಂದಿದ್ದರು. ಬೀದಿಯವರು ಸಾವಿನ ಮರ್ಯಾದೆಗೆ ಮಗ್ಗ ನಿಲ್ಲಿಸಿದ್ದರು. ಜಗಲಿಯ ಮೇಲೆ ನನ್ನ ಪಕ್ಕ ಕೂತು, ಒಳಗಿನ ಕಬ್ಬಿಣದ ಬೀರುವಿನ ಕಡೆ ನೋಡುತ್ತಾ, ಇಬ್ಬರು ಹೆಂಗಸರು ಬರಿಗೊಡ ಕೆಳಗಿಟ್ಟು ಎದ್ದದ್ದನ್ನು, ಗುದ್ದಲಿ ಹಿಡಿದದ್ದನ್ನು, ಅಡ್ಡಕ್ಕೆ ಮೊದಲ ಏಟು ಹಾಕಿದ್ದನ್ನು ನಿಧಾನವಾಗಿ ಹೇಳಿದರು. ಮಧ್ಯದಲ್ಲೊಮ್ಮೆ ನಿಲ್ಲಿಸಿ ನನ್ನ ಮುಖ ನೋಡಿದರು.

ನಾನು ನಗಲಿಲ್ಲ.